ಎಲ್ಲರಿಗೂ ಅಕ್ಕ

ಬಾಗಿಲ ಸಂದಿಗೆ ಕಿವಿಯಿಟ್ಟು ನಿಂತ ಗೋಪಮ್ಮನಿಗೆ ಹಂಚಿನ ಮೇಲಿನ ರೊಟ್ಟಿ ಸೀದದ್ದೇ ತಿಳಿಯಲಿಲ್ಲ.

ಒಳಗೆ ಮೌನೇಶ್ವರಿ ಫೋನಿನಲ್ಲಿದ್ದಳು. "ಉಂಡಿಯೇನು ಯವ್ವಾ? ನಾಳಿ ದೇವದುರ್ಗಕ್ಕ ಬರ್ತೀನಿ. ಮೆಣಸಿನಕಾಯಿ ಹರಿಯಾಕ ಹೋಗಬ್ಯಾಡ, ಮನ್ಯಾಗ ಇರು."

ಮತ್ತೆ ಆ ಅನ್ನಮ್ಮ.

ಮೌನೇಶ್ವರಿ ರಾಯಚೂರಿನಲ್ಲಿ ಎಂ.ಎ. ಓದುತ್ತಿದ್ದಳು. ಶಾಲೆ ಅರ್ಧಕ್ಕೆ ಬಿಟ್ಟ ಹೆಂಗಸರ ಬಗ್ಗೆ ಪ್ರಬಂಧ. ವಿಷಯ ಅವಳದೇ ಆಯ್ಕೆ. ಅದಕ್ಕಾಗಿ ಮಾನ್ವಿ, ಸಿರವಾರ ಸುತ್ತಿದಳು. ದೇವದುರ್ಗದಲ್ಲಿ ಅನ್ನಮ್ಮ ಸಿಕ್ಕಳು. ಸಿಕ್ಕವಳು ಅಂಟಿಕೊಂಡೇಬಿಟ್ಟಳು.

ಪೋತ್ನಾಳದ ಈ ಮನೆಯಲ್ಲಿ ಗೋಪಮ್ಮ ಎಲ್ಲರಿಗೂ ಅಕ್ಕ. ತಮ್ಮಂದಿರಾದ ಸುಂಕಪ್ಪ, ಆನಂದ ಕೂಗುವುದು ಹಾಗೇ. ಮೌನೇಶ್ವರಿ ಕೂಗುವುದೂ ಹಾಗೇ. ಅವ್ವ ಎಂದರೆ ಮನೆಯ ಹಿರಿಯಳು ಒಬ್ಬಳೇ. ಮೌನೇಶ್ವರಿ ಹುಟ್ಟಿದ ವರ್ಷವೇ ಗೋಪಮ್ಮನ ಶಾಲೆ ನಿಂತಿತ್ತು. ಗೆಳತಿಯರು ಹತ್ತನೆಯ ಪರೀಕ್ಷೆಗೆ ಹೊರಟಾಗ ಅವಳ ಬಗಲಲ್ಲಿ ಈ ಕೂಸು ಇತ್ತು.

ಮೌನೇಶ್ವರಿ ಹೊರಗೆ ಬಂದಳು. ಗೋಪಮ್ಮ ಸೀದ ರೊಟ್ಟಿಯನ್ನೇ ಅವಳ ತಾಟಿಗೆ ಹಾಕಿದಳು.

"ದಿನಾ ಫೋನಿನ್ಯಾಗ ಯವ್ವಾ, ಯವ್ವಾ. ನಾಲಿಗಿ ಸವದೀತು, ನೋಡು."

"ಪಾಪ, ಆಕಿ ಒಂಬತ್ತನೇ ಕ್ಲಾಸಿಗೇ ಶಾಲಿ ಬಿಟ್ಟಾಳ, ಅಕ್ಕ."

"ನಾನೂ ಬಿಟ್ಟೀನಿ. ನನ್ನನ್ನ ಯಾರು ಕೇಳ್ಯಾರ?"

ಮೌನೇಶ್ವರಿ ಕಣ್ಣು ತಪ್ಪಿಸಿದಳು. "ಮನಿಯವರನ್ನ ಕೇಳಬ್ಯಾಡ ಅಂದಾರ ನಮ್ಮ ಮೇಡಂ. ಕೇಳೋ ಪ್ರಶ್ನಿ ಮೆತ್ತಗಾಗ್ತಾವಂತ."

"ಹೌದವ್ವಾ, ಮೆತ್ತಗಿನ ಮಾತೆಲ್ಲ ದೇವದುರ್ಗಕ್ಕ ಹೋಗ್ಯಾವ."

ಪ್ರಬಂಧ ಮಂಡಿಸುವ ದಿನ ಮನೆಯವರಿಗೂ ಕರೆ ಇತ್ತು. ಅಲ್ಲಿ ಯಾರ ಹೆಸರು ಬರುತ್ತದೋ ನೋಡಿಯೇಬಿಡುವೆನೆಂದು ಗೋಪಮ್ಮ ರಾಯಚೂರಿನ ಬಸ್ಸು ಹತ್ತಿದಳು. ಕಾಲೇಜಿನ ಸಭಾಂಗಣದ ಮುಂದಿನ ಸಾಲಿನಲ್ಲಿ, ಹೊಸ ಸೀರೆಯಲ್ಲಿ, ಅನ್ನಮ್ಮ ಕುಳಿತಿದ್ದಳು. ಗೋಪಮ್ಮ ಹಿಂದಿನ ಸಾಲಿಗೆ ಹೋಗಿ ಸೆರಗು ಬಿಗಿದು ಕುಳಿತಳು.

ಮೌನೇಶ್ವರಿ ಓದಿ ಮುಗಿಸಿದಳು. ಮೇಡಂ ಕೇಳಿದರು, "ಇದೇ ವಿಷಯ ಯಾಕೆ ಆರಿಸಿಕೊಂಡೆ?"

"ನಮ್ಮ ಮನ್ಯಾಗ ಒಬ್ಬಾಕಿ ಶಾಲಿ ಬಿಟ್ಟಾಳ, ಮೇಡಂ. ನನ್ನ ಸಲುವಾಗಿ."

"ನಿಮ್ಮ ಅಕ್ಕನಾ?"

"ನನ್ನ ಮಾವಂದಿರು ಹಂಗ ಕರೀತಾರ್ರಿ. ಕೇಳಿ ಕೇಳಿ ನನಗೂ ಅದೇ ರೂಢಿ ಆಗ್ಯದ." ಮೌನೇಶ್ವರಿ ಸಭೆಯತ್ತ ತಿರುಗಿದಳು. "ಎದ್ದು ನಿಲ್ಲು, ಯವ್ವಾ."

ಮುಂದಿನ ಸಾಲಿನಲ್ಲಿ ಅನ್ನಮ್ಮ ನಗುತ್ತ ಎದ್ದಳು. ಗೋಪಮ್ಮ ಹೊರಟುಬಿಡಲೆಂದು ಚೀಲ ಎತ್ತಿಕೊಂಡಳು.

"ನೀನಲ್ಲಬೇ ಅನ್ನಮ್ಮ, ಕೂಡು. ಹಿಂದಿನ ಸಾಲಿನ್ಯಾಗ ಸಿಟ್ಟು ಮಾಡಿಕೊಂಡು ಕುಂತಾಳಲ್ಲ, ಆಕಿ. ನನ್ನ ಹೆತ್ತಾಕಿ."