ಉದ್ದ ಕೊಳವೆಯ ಪೂಜೆ

ಕಾದ ಎಣ್ಣೆಯ ಜೊತೆ ಜೋಳದ ಹಿಟ್ಟು ಬೆರೆತ ವಾಸನೆ. ಚಿಕ್ಕಂದಿನಲ್ಲಿ ಯಲಬುರ್ಗಾದ ಅಪ್ಪನ ಗಿರಣಿಯಲ್ಲಿ ಮೂಗಿಗೆ ಹತ್ತಿದ ಆ ವಾಸನೆ, ಹನುಮಸಾಗರದ ಮಲಿಕಸಾಬನ ಗ್ಯಾರೇಜಿಗೆ ಬಂದಾಗಲೆಲ್ಲ ಶಂಕ್ರಮ್ಮನಿಗೆ ನೆನಪಾಗುತ್ತಿತ್ತು. ಇಂದು ಅಲ್ಲಿ ಅವಳ ಅಣ್ಣನ ಮಗ ಗವಿಸಿದ್ದೇಶ ಎರಡು ಮ್ಯಾನಿಫೋಲ್ಡ್ ಮುಂದಿಟ್ಟುಕೊಂಡು ಕೂತಿದ್ದ. ಎರಡೂ ಇಂಜಿನ್ನಿಗೆ ಗಾಳಿ ಉಣಿಸುವ ಕೊಳವೆಗಳ ಗೊಂಚಲು. ಒಂದು ಗಿಡ್ಡ, ಒಂದು ಉದ್ದ. ಭಾನುವಾರ ಗುಡ್ಡ ಹತ್ತುವ ಕಾರುಗಳ ಪಂದ್ಯ. ಹೋದ ವರ್ಷ ಅವನ ಕಾರು ಎರಡನೇ ತಿರುವಿನಲ್ಲೇ ಉಸಿರುಗಟ್ಟಿ ನಿಂತು, ನೋಡಲು ಬಂದವರೇ ತಳ್ಳಿದ್ದರು. ಬೇಡವಾದದ್ದನ್ನು ಸಂಜೆಯೊಳಗೆ ಕೊರಿಯರಿನಲ್ಲಿ ವಾಪಸ್ ಕಳಿಸಬೇಕು. ಕಲೆಯಾದರೆ ಅಂಗಡಿಯವರು ಮುಟ್ಟುವುದಿಲ್ಲ.

“ಗಿಡ್ಡಂದ ಹಾಕು ಮಲಿಕಣ್ಣ. ಬಾಣ ಹೋದಂಗ ಹೋಗ್ತೈತಿ.”

“ಬಾಣ ಸಪಾಟ ರಸ್ತಾದಾಗ. ಏರಿನಾಗ ಜಗ್ಗಬೇಕಂದ್ರ ಉದ್ದಂದ ಬೇಕು. ಹತ್ತು ಸಲ ಹೇಳೇನಿ.”

“ನಿಂದು ಟ್ರ್ಯಾಕ್ಟರ್ ಬುದ್ಧಿ ಬಿಡು.”

“ಎತ್ತು ಕೊಳ್ಳೂ ಮುಂದ ಕೋಡಿನ ಬಣ್ಣ ನೋಡ್ತಾರೋ, ಹೆಗಲು ನೋಡ್ತಾರೋ?” ಶಂಕ್ರಮ್ಮ ನಡುವೆ ಬಾಯಿ ಹಾಕಿದಳು.

“ಅತ್ತೀ, ನೀ ಗಿಡ್ಡಂದಕ್ಕ ಪೂಜಿ ಅಷ್ಟ ಮಾಡು. ನಾ ಕಾಯಿ ತರ್ತೀನಿ.”

ಹೊಸ ಸಾಮಾನಿಗೆ ಪೂಜೆಯಾಗದೆ ಮಲಿಕಸಾಬ ಅದಕ್ಕೆ ನಟ್ಟು ಬಿಗಿಯುವ ಪಾನಾ ಹಚ್ಚುತ್ತಿರಲಿಲ್ಲ. ಗವಿಸಿದ್ದೇಶ ಅತ್ತ ಹೋದೊಡನೆ ಶಂಕ್ರಮ್ಮ ಚಾಳೀಸು ಕನ್ನಡಕ ಮೂಗಿಗೇರಿಸಿ, ಉದ್ದ ಕೊಳವೆಗಳಿಗೆ ಮೂರು ಬೆರಳು ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಧಾರಾಳವಾಗಿ ಮೆತ್ತಿದಳು. ಮಲಿಕಸಾಬ ಗೋಡೆಯ ಕಡೆ ತಿರುಗಿ, ಕೈಯಲ್ಲೇ ಇದ್ದ ಪಾನಾ ಹುಡುಕತೊಡಗಿದ.

“ಅತ್ತೀ! ಯಾವುದಕ್ಕ ಹಚ್ಚೀದಿ?” ಕಾಯಿ ಹಿಡಿದು ಬಂದ ಗವಿಸಿದ್ದೇಶ ಕೂಗಿದ.

“ಅಯ್ಯ, ಕಣ್ಣು ಮಂಜಾಗ್ಯಾವಪಾ.”

“ನಿನ್ನಿ ಸೂಜಿಗೆ ದಾರ ಪೋಣಿಸಿದ ಕಣ್ಣು! ಮಲಿಕಣ್ಣ, ಒರಸಿ ಕಳಸೂಣು.”

“ಪೂಜಿ ಆದದ್ದನ್ನ ಹೊಳ್ಳಿ ಕಳಸ್ತಾರೇನು, ತಮ್ಮಾ? ಎಣ್ಣಿ ಬ್ಯಾರೆ ಕುಡದೈತಿ.”

ಗಿಡ್ಡದ್ದು ವಾಪಸ್ ಹೋಯಿತು. ಗವಿಸಿದ್ದೇಶ ಸಿಟ್ಟಿಗೆ ಮಧ್ಯಾಹ್ನ ಉಣ್ಣಲಿಲ್ಲ, ಇಬ್ಬರ ಜೊತೆಗೂ ಮಾತಾಡಲಿಲ್ಲ. ಜೋಡಣೆ ಮುಗಿದದ್ದೇ ಕಾರು ಹತ್ತಿ, ಊರ ಹೊರಗಿನ ಗುಡ್ಡದ ಕಡೆ ಹೋದ. ಶಂಕ್ರಮ್ಮ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಸದ್ದು ಎಲ್ಲೂ ಮುಗ್ಗರಿಸದೆ ಏರಿತು. ಇಳಿಯಿತು. ಮತ್ತೆ ಏರಿತು.

ಐದನೇ ಸಲ ಇಳಿದ ಮೇಲೆ ಕಾರು ಬಾಗಿಲಿಗೆ ಬಂದು ನಿಂತಿತು.

“ಹೆಂಗೈತಿ?” ಮಲಿಕಸಾಬ ಕೇಳಿದ.

“ಏನೋ, ಐತಿ.” ಉಕ್ಕಿದ ನಗು ಕಾಣದಂತೆ ಗವಿಸಿದ್ದೇಶ ಮುಖ ಆಚೆ ತಿರುಗಿಸಿದ. “ಇನ್ನೊಮ್ಮಿ ನೋಡಿ ಬರ್ತೀನಿ, ತಡಿ.”

ಶಂಕ್ರಮ್ಮ ಬುತ್ತಿ ಬಿಚ್ಚಿ, ಎರಡು ರೊಟ್ಟಿಯಲ್ಲಿ ಬದನೆಕಾಯಿ ಪಲ್ಯ ಸುತ್ತಿ, ಕಿಟಕಿಯೊಳಗೆ ಕೈ ಚಾಚಿ, ಸ್ಟೀರಿಂಗ್ ಬಿಡದ ಅವನ ಒಂದು ಕೈ ಬಿಡಿಸಿ ಅದರಲ್ಲಿಟ್ಟಳು.