ಮೂರು ಗಂಟೆಯ ಒಗ್ಗರಣೆ

ಸಿಡುಬು ಬಂದ ಮನೆಗಳನ್ನು ಹುಡುಕುವ ವೇರಿಯೋಲಾ ಪಡೆಯ ಡ್ರೋನ್ ಇಂದು ಊಟದ ಹೊತ್ತಿಗೆ ಬರಲೇ ಇಲ್ಲ. ಸಿಡುಬು ಬಂದ ಮನೆಯಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲವೆಂದು ಅದಕ್ಕೂ ಯಾರೋ ಕಲಿಸಿದ್ದರು. ಮಧ್ಯಾಹ್ನ ಹಾಕಿದ ಒಗ್ಗರಣೆಯ ವಾಸನೆ ಸಂಜೆಯವರೆಗೂ ಅದಕ್ಕೆ ಹತ್ತುತ್ತಿತ್ತು; ಆ ವಾಸನೆ ಬಾರದ ಮನೆಗೆ ಬೀಗ ಬೀಳುತ್ತಿತ್ತು. ಮಕ್ಕಳನ್ನು ಊರಾಚೆ ಒಯ್ಯುತ್ತಿದ್ದರು.

ಮೂರು ಗಂಟೆಗೆ ನೇಕಾರರ ಓಣಿಯಲ್ಲಿ ಅದರ ದನಿ ಕೇಳಿಸಿತು. "ವೇರಿಯೋಲಾ ಎಂದರೆ ಚುಕ್ಕೆ ಚುಕ್ಕೆಯಾದದ್ದು. ಮೈಮೇಲೆ ಚುಕ್ಕೆ ಕಂಡರೆ ತಿಳಿಸಿ."

ಶಶಿಕಲಾ ಬಾಣಲೆಯನ್ನು ಒಲೆಗಿಟ್ಟಳು. ಒಳಗೆ ಬೇವಿನೆಲೆಯ ಮೇಲೆ ಮಲಗಿದ್ದ ದೊಡ್ಡ ಮಗಳ ಮುಖದ ತುಂಬ ಗುಳ್ಳೆಗಳು. ಚಿಕ್ಕವಳಾದ ಪಾರುಗೆ ತಾಗಬಾರದೆಂದು ಅವಳನ್ನು ಮೊನ್ನೆಯೇ ಪಕ್ಕದ ಮನೆಯ ಗಂಗೂಬಾಯಿಯ ಹತ್ತಿರ ಬಿಟ್ಟಿದ್ದರು.

ಅತ್ತೆ ಸಾವಂತ್ರವ್ವ ಸೊಸೆಯ ಕೈ ಹಿಡಿದಳು. "ಬ್ಯಾಡವಾ. ಸಿಡುಬಿನ ತಾಯಿ ಮನ್ಯಾಗಿದ್ದಾಗ ಎಣ್ಣಿ ಸಿಡಿಸಿದ್ರ ಕೂಸಿನ ಕಣ್ಣು ಹೋಗ್ತಾವು."

"ಹಾಕಲಿಲ್ಲಂದ್ರ ಕೂಸೇ ಹೋಗ್ತೈತಿ. ಕೈ ಬಿಡ್ರಿ, ಅತ್ತಿ."

ಸಾಸಿವೆ ಚಟಪಟ ಸಿಡಿಯಿತು. ಡ್ರೋನ್ ಕಿಟಕಿಯ ಬಳಿ ನಿಂತು ಮೂಸಿ, ಮುಂದೆ ಹೋಯಿತು. ಶಶಿಕಲಾ ಗೋಡೆಗೊರಗಿ ಉಸಿರು ಬಿಟ್ಟಳು.

ಅಷ್ಟರಲ್ಲಿ ಪಕ್ಕದ ಮನೆಯಲ್ಲೂ ಸಾಸಿವೆ ಸಿಡಿಯಿತು. ಆಮೇಲೆ ಅದರಾಚೆಯ ಮನೆಯಲ್ಲಿ. ಡ್ರೋನ್ ಸಾಗಿದಂತೆ ಓಣಿಯುದ್ದಕ್ಕೂ ಒಗ್ಗರಣೆಯ ಸದ್ದು ಅದರ ಜೊತೆಗೇ ಸಾಗಿತು.

ಶಶಿಕಲಾಳ ಕೈಯಿಂದ ಸೌಟು ಜಾರಿತು.

"ಅತ್ತಿ, ಗಂಗೂಬಾಯಿ ಮನ್ಯಾಗ ಆಗ್ಲೇ ಊಟ ಮುಗಿಸಿ ಬಾಂಡೆ ತೊಳದಿದ್ರು. ನಾನ ನೋಡೀನಿ. ಈಗ್ಯಾಕ ಒಗ್ಗರಣಿ? ಅಲ್ಲೂ ತಾಯಿ ಬಂದಾಳೇನು?"

ಸಾವಂತ್ರವ್ವ ಬಾಯಿ ತೆರೆದಳು. ಶಶಿಕಲಾ ಥಟ್ಟನೆ ಅದನ್ನು ಕೈಯಿಂದ ಮುಚ್ಚಿದಳು. ಡ್ರೋನ್ ಇನ್ನೂ ಓಣಿಯಲ್ಲೇ ಇತ್ತು. ಅದಕ್ಕೆ ಕೇಳಿಸುವಂತೆ ಪಾರುವಿನ ಹೆಸರು ಹಿಡಿದು ಕೂಗುವಂತಿರಲಿಲ್ಲ.