ನಲವತ್ತು ಹೆಜ್ಜೆಯ ತೋಟ

ಮೂವತ್ತಾರು.

ಮಹಾಬಲೇಶ್ವರರು ಮಗಳ ತೋಟದ ಬೇಲಿಯ ಬುಡದಲ್ಲಿ ನಿಂತು ಗೇಟಿನತ್ತ ತಿರುಗಿ ನೋಡಿದರು. ಮಾರ್ಚ್‌ನಲ್ಲಿ, ಕೋವಿಡ್ ವಾರ್ಡಿನಿಂದ ಬಿಡುಗಡೆಯಾದ ವಾರ, ಕೋಲೂರಿಕೊಂಡು ಅಲ್ಲಿಂದ ಇಲ್ಲಿಗೆ ಎಣಿಸಿದಾಗ ನಲವತ್ತು ಹೆಜ್ಜೆ ಇತ್ತು. ಈಗ ಮೇ. ನಾಲ್ಕು ಹೆಜ್ಜೆ ನೆಲವನ್ನು ಯಾರೋ ನುಂಗಿದ್ದರು.

ಯಾರೋ ಏನು, ತ್ಯಾಗರಾಜನೇ. ಬೇಲಿಯಾಚೆಯ ತೋಟ ಆ ಮೈಸೂರಿನವನ ಕೈಯಲ್ಲಿ ಇಪ್ಪತ್ತೆರಡು ವರ್ಷದಿಂದ ಇತ್ತು. ಏಪ್ರಿಲ್‌ನಲ್ಲಿ ಹಳೆಯ ಬೇಲಿ ಕಿತ್ತು ಹೊಸದನ್ನು ನೆಟ್ಟಿದ್ದ.

ಲಾಕ್‌ಡೌನ್ ಬಂದ ಮೇಲೆ ಡಚ್ಚರ ನಾಡಿನ ಈ ಲೈಡನ್ ಪಟ್ಟಣದ ಫ್ಲ್ಯಾಟುಗಳಲ್ಲಿ ಉಸಿರುಕಟ್ಟಿದ ಜನ, ಊರಂಚಿನ ಈ ಬಾಡಿಗೆ ತೋಟಗಳಿಗೆ ಚಿನ್ನ ಸಿಕ್ಕಿತೆಂಬಂತೆ ಮುಗಿಬಿದ್ದಿದ್ದರು. ಸರದಿಯಲ್ಲಿ ಇನ್ನೂ ಇನ್ನೂರು ಹೆಸರಿತ್ತು. ಹಳಬರ ಕಣ್ಣಿಗೆ ಹೊಸಬರು ಒತ್ತುವರಿದಾರರು; ಹೊಸಬರ ಕಣ್ಣಿಗೆ ಹಳಬರು ಜಮೀನ್ದಾರರು. ಮಹಾಬಲೇಶ್ವರರಿಗೆ ಇದು ಹೊಸತಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಸರ್ವೆಯರ್ ಆಗಿದ್ದಾಗ, ಗುಡಿಸಲು ಹಾಕಿದವರಿಗೂ ನೆಲದ ಒಡೆಯರಿಗೂ ಎಷ್ಟೋ ಗಡಿ ತಗಾದೆ ತೀರಿಸಿದ್ದರು. ಸರಪಳಿ ಬಿಚ್ಚುವ ಮೊದಲೇ ಹೆಜ್ಜೆ ಹಾಕಿ ಅಳತೆ ಹೇಳುತ್ತಿದ್ದರು. ಒಂದಡಿ ತಪ್ಪಿದ್ದಿಲ್ಲ.

"ಏನ್ ಸಾರ್, ದಿನಾ ಕವಾಯತು?" ತ್ಯಾಗರಾಜ ಮಾಸ್ಕ್ ಕೆಳಗೆಳೆದು ನಕ್ಕ. "ಮೊದ್ಲು ಅರ್ಧದಾರೀಲೇ ಕೂತ್ಬಿಡ್ತಿದ್ರಿ."

"ನಿಮ್ಮ ಬೇಲಿ ಹತ್ತಿರ ಬರ್ತಾ ಇದೆಯಲ್ಲ, ಸುಲಭ ಆಗಿದೆ."

"ಬೇಲಿಗೇನು ಕಾಲಿದ್ಯಾ ಸಾರ್?"

ಕಳ್ಳನಿಗೆ ತಮಾಷೆ ಬೇರೆ.

ಜೂನ್‌ನಲ್ಲಿ ಎಣಿಕೆ ಮೂವತ್ತಕ್ಕೆ ಇಳಿಯಿತು. ಸಿಟ್ಟಿನಲ್ಲಿ ಅಂದು ಕೋಲನ್ನೂ ಮನೆಯಲ್ಲೇ ಮರೆತಿದ್ದರು. ಮೂರು ಸಲ ನಡೆದರು. ಮೂರು ಸಲವೂ ಮೂವತ್ತೇ. ಮನೆಗೆ ಬಂದವರೇ ತೋಟಗಳ ಸಂಘಕ್ಕೆ ದೂರು ಬರೆದು ಮಗಳ ಮುಂದಿಟ್ಟರು. ತೋಟ ಇದ್ದದ್ದು ಇಂಚರಾಳ ಹೆಸರಿನಲ್ಲಿ.

"ಅಪ್ಪಾ, ದೂರು ಸುಳ್ಳು ಅಂತಾದ್ರೆ ತೋಟಾನೇ ವಾಪಸ್ ತಗೋತಾರೆ. ರೂಲ್ ಇದೆ. ಒಂದು ವರ್ಷ ಕಾದಿದೀನಿ ನಾನು. ಮೊದ್ಲು ಟೇಪ್ ಹಿಡಿದು ನೋಡೋಣ."

"ಟೇಪು ಅನುಮಾನ ಇರೋರಿಗೆ. ಹತ್ತು ಹೆಜ್ಜೆ ಹೋಗಿದೆ, ಇಂಚರಾ. ಸೈನ್ ಹಾಕು."

ಹಾಕಿದಳು.

ಶನಿವಾರ ಸಂಘದ ಕಾರ್ಯದರ್ಶಿ ನಕ್ಷೆ, ಟೇಪುಗಳೊಂದಿಗೆ ಬಂದ. ಗೇಟಿನಿಂದ ಬೇಲಿಗೆ ಎಳೆದ. ಹದಿನೆಂಟು ಮೀಟರ್. ನಕ್ಷೆಯಲ್ಲೂ ಹದಿನೆಂಟೇ. ಇನ್ನೊಮ್ಮೆ ಎಳೆದ, ಅಷ್ಟೇ ಬಂತು. ತ್ಯಾಗರಾಜ ಡಚ್ಚಿನಲ್ಲಿ ಏನೋ ಕೇಳಿಕೊಂಡ. ಕಾರ್ಯದರ್ಶಿ ಆಗದೆಂದು ತಲೆಯಾಡಿಸಿ ಅಂಗೈ ಚಾಚಿದ.

"ಬಿಟ್ಬಿಡಿ ಅಂದೆ ಸಾರ್, ಕೇಳ್ತಿಲ್ಲ" ಎಂದ ತ್ಯಾಗರಾಜ, ಮುಖ ನೋಡದೆ.

ಇಂಚರಾ ಗೇಟಿನ ಬೀಗದ ಕೈಯನ್ನು ಆ ಅಂಗೈಯಲ್ಲಿಟ್ಟಳು.

ಟೇಪು ಸುತ್ತಲು ಬಗ್ಗಿದ ಕಾರ್ಯದರ್ಶಿಯನ್ನು ಮಹಾಬಲೇಶ್ವರರು ಕೈಯೆತ್ತಿ ತಡೆದರು. ಅದರ ಪಕ್ಕದಲ್ಲೇ ಒಂದು ಹೆಜ್ಜೆ ಇಟ್ಟು, ಬಗ್ಗಿ ಓದಿದರು. ಅರವತ್ತು ಸೆಂಟಿಮೀಟರ್. ಹದಿನೆಂಟು ಮೀಟರನ್ನು ಮಾರ್ಚ್‌ನ ನಲವತ್ತರಿಂದ ಮನಸ್ಸಿನಲ್ಲೇ ಭಾಗಿಸಿದರು. ನಲವತ್ತೈದು ಸೆಂಟಿಮೀಟರ್.

ಬೇಲಿ ಒಂದಂಗುಲವೂ ಕದಲಿರಲಿಲ್ಲ. ಕಾಯಿಲೆ ಕಿತ್ತುಕೊಂಡಿದ್ದ ಹದಿನೈದು ಸೆಂಟಿಮೀಟರನ್ನು ಈ ತೋಟವೇ, ದಿನಕ್ಕಿಷ್ಟಿಷ್ಟಾಗಿ, ಅವರ ಕಾಲಿಗೆ ಹಿಂದಿರುಗಿಸಿತ್ತು.